ಪದಚರ್ಚೆ: ಬಯಲಿನ ನಡುವಿನ ತಗ್ಗಿಗೆ ‘ಕಣಿವೆ’ ಅನ್ನಬಹುದೇ?

ಗೆಳೆಯರೇ,

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಕ್ವಾಪೆಲ್ ನದಿಯ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಕ್ವಾಪೆಲ್ ಕಣಿವೆ’ ಅಂತ ಬರೆದಿದ್ದೆ. ಓದಿದ ತಂಗಿ, “ಸುತ್ತ ದೊಡ್ಡ ಬೆಟ್ಟ ಇರಬೇಕು ಅಲ್ವಾ?” ಅಂದಳು. ಬೆಟ್ಟವೇ ಇಲ್ಲ, ಅದೇ ತೊಡಕು.

ಪ್ರಾಂತ್ಯದ ರಾಜಧಾನಿ ರಿಜೈನಾದಿಂದ ಈಶಾನ್ಯಕ್ಕೆ ಸುಮಾರು 70 ಕಿ.ಮೀ. ಹೋಗಬೇಕು. ದಾರಿಯುದ್ದಕ್ಕೂ ಗೋಧಿ ಮತ್ತು ಕನೋಲಾ ಅನ್ನುವ ಎಣ್ಣೆಕಾಳಿನ ಹೊಲ. ನೆಲ ತಟ್ಟೆಯ ಹಾಗೆ ಸಪಾಟು. ಆಮೇಲೆ ರಸ್ತೆ ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ. ಅಂಚಿಗೆ ಬರುವವರೆಗೂ ಅಲ್ಲೊಂದು ತಗ್ಗಿದೆ ಅನ್ನುವ ಸುಳಿವೇ ಇರುವುದಿಲ್ಲ. ತಳದಲ್ಲಿ ಫೋರ್ಟ್ ಕ್ವಾಪೆಲ್ ಊರು. ಪಾಸ್ಕ್ವಾ, ಎಕೋ, ಮಿಶನ್, ಕಟೆಪ್ವಾ ಅಂತ ಸಾಲಾಗಿ ನಾಲ್ಕು ಸರೋವರ. ಇಷ್ಟು ದೊಡ್ಡ ತಗ್ಗನ್ನು ಕೊರೆದದ್ದು ಹಿಮಯುಗದ ಕೊನೆಯಲ್ಲಿ ಕರಗಿದ ನೀರು. ಈಗಿನ ನದಿ ಅದರಲ್ಲಿ ಅಪ್ಪನ ಅಂಗಿ ತೊಟ್ಟ ಹುಡುಗನ ಹಾಗಿದೆ.

ನಮ್ಮ ರಾಮದುರ್ಗದ ಕಡೆ ಇಂಥದಕ್ಕೆ ‘ಕೊಳ್ಳ’ ಅಂತೀವಿ. ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆಯಲ್ಲ, ಹಾಗೆ. ಕೊಳ್ಳಕ್ಕೆ ‘ಇಳಿಯುತ್ತೇವೆ’, ಕಣಿವೆಯನ್ನು ‘ದಾಟುತ್ತೇವೆ’. ನನಗಂತೂ ಕೊಳ್ಳವೇ ಸರಿ ಅನ್ನಿಸುತ್ತದೆ. ಆದರೆ ಪತ್ರಿಕೆಗಳಲ್ಲಿ ‘ಕಾವೇರಿ ಕೊಳ್ಳ’, ‘ಕೃಷ್ಣಾ ಕೊಳ್ಳ’ ಅಂದರೆ ನದಿಗೆ ನೀರು ಹರಿದು ಬರುವ ಇಡೀ ಪ್ರದೇಶ. ‘ಕ್ವಾಪೆಲ್ ಕೊಳ್ಳ’ ಅಂದರೆ ದಕ್ಷಿಣ ಕರ್ನಾಟಕದವರಿಗೆ ಯಾವುದು ಹೊಳೆಯುತ್ತದೆ?

ಎರಡನೆಯದು ಇನ್ನೂ ಫಜೀತಿ. ಮೇಲಿನ ಬಯಲಿನ ನೀರು ಈ ದೊಡ್ಡ ತಗ್ಗಿಗೆ ಇಳಿಯುವ ಕಿರುದಾರಿಗಳಿವೆ. ವರ್ಷದಲ್ಲಿ ಹೆಚ್ಚು ದಿನ ಒಣಗಿರುತ್ತವೆ. ಅಲ್ಲಿನವರು ಅವನ್ನು ಕರೆಯುವುದು ‘ಕೂಲಿ’ ಅಂತ! ‘ಹರಿಯುವುದು’ ಅನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. “ಕೂಲಿಯಲ್ಲಿ ಪೊದೆ ಬೆಳೆದಿತ್ತು” ಅಂತ ಬರೆದರೆ ನಮ್ಮವರು ನಗುತ್ತಾರೆ. ‘ಕೊರಕಲು’ ಅನ್ನೋಣವೆಂದರೆ, ಮೊನ್ನೆಯ ಮಳೆಗೆ ಕಿತ್ತುಹೋದ ಬೋಳು ಮಣ್ಣು ಕಣ್ಣಿಗೆ ಬರುತ್ತದೆ. ಇವು ಹಾಗಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲಿಗೆ ಒಣಗಿ ಬರೀ ಹುಲ್ಲು. ಉತ್ತರಕ್ಕೆ ಮುಖ ಮಾಡಿದ ಕಡೆ ತೇವ ನಿಂತು ಆಸ್ಪೆನ್ ಮರಗಳು ಒತ್ತಾಗಿ ಬೆಳೆದಿವೆ. ತುಮಕೂರಿನ ಗೆಳೆಯರೊಬ್ಬರ ಬಾಯಲ್ಲಿ ‘ಸರುವು’ ಕೇಳಿದ್ದೆ. ಅದರಲ್ಲಿ ಗಿಡಮರ ಇರಬಹುದೇ, ಅಥವಾ ಬರೀ ನೀರಿನ ದಾರಿಯೇ?

ಹಾಗೇ ಇನ್ನೊಂದು. ರೈಲುಹಳಿಯ ಪಕ್ಕ ದೂರದಿಂದಲೇ ಕಾಣುವ ಮರದ ‘ಗ್ರೇನ್ ಎಲಿವೇಟರ್’ಗೆ, ಅಂದರೆ ಕಾಳನ್ನು ಮೇಲಕ್ಕೆತ್ತಿ ತುಂಬಿಡುವ ಎತ್ತರದ ಕಟ್ಟಡಕ್ಕೆ, ‘ಕಣಜ’ ಅಂತ ಬರೆದಿದ್ದೇನೆ. ಕಾಳನ್ನು ಮೇಲಕ್ಕೆತ್ತುವ ಅರ್ಥ ಅದರಲ್ಲಿ ಬರೋದಿಲ್ಲ. ನಮ್ಮ ಹಗೇವಿನಲ್ಲಿ ಜೋಳ ನೆಲದೊಳಕ್ಕೆ ಹೋಗುತ್ತಿತ್ತು, ಅಲ್ಲಿ ಗೋಧಿ ಆಕಾಶಕ್ಕೆ ಏರುತ್ತದೆ. ಸದ್ಯಕ್ಕೆ ‘ಎತ್ತುಗಣಜ’ ಅಂತ ಹೊಸೆದಿದ್ದೇನೆ. ಎತ್ತು ಕಟ್ಟುವ ಜಾಗ ಅಂದುಕೊಂಡಾರು ಅಂತ ಭಯ.