ಕೈಗಾ ಸುತ್ತಲಿನ 16 ಕಿ.ಮೀ. ಗೆರೆ ದೊಡ್ಡದಾಗಬೇಕಾ?

ಪ್ರಶ್ನೆ (ವಿಜಯನಗರದಿಂದ): ಸರ್, ನಮಸ್ಕಾರ. ನಮ್ಮೂರು ಯಲ್ಲಾಪುರದ ಕಡೆ. ಕೈಗಾ ಅಣು ವಿದ್ಯುತ್ ಸ್ಥಾವರದಿಂದ ನೇರವಾಗಿ ಅಳೆದರೆ ಸುಮಾರು 20 ಕಿ.ಮೀ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ತೋಟ ಬಿಟ್ಟು ಬೆಂಗಳೂರಿಗೆ ಬನ್ನಿ ಅಂದರೆ ಕೇಳುವುದಿಲ್ಲ. ತುರ್ತು ಯೋಜನಾ ವಲಯ 16 ಕಿ.ಮೀ. ಅಂತಾರೆ, ಹಾಗಾದರೆ ನಮ್ಮನೆ ಗೆರೆಯಿಂದ ಆಚೆ. ಈಗಿರುವುದು 220 ಮೆಗಾವಾಟ್‌ನ ನಾಲ್ಕು ಘಟಕ. 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟ್. ಗೆರೆಯನ್ನೂ ದೊಡ್ಡದು ಮಾಡಬೇಕಲ್ವಾ? ಜಪಾನಿನವರು 30 ಕಿ.ಮೀ. ಮಾಡಿಕೊಂಡಿದ್ದಾರಂತೆ.

ಉತ್ತರ (ವಿಕಿರಣ ಸುರಕ್ಷತೆ ವಿಭಾಗದಲ್ಲಿದ್ದು ನಿವೃತ್ತ, ಯಲಹಂಕ): ಒಳ್ಳೆಯ ಪ್ರಶ್ನೆ. ಮೊದಲು ಒಂದು ವಿಷಯ ತಲೆಯಿಂದ ತೆಗೆದುಬಿಡಿ. ಅಪಾಯ 16ನೇ ಕಿಲೋಮೀಟರಿಗೆ ಬಂದು ನಿಲ್ಲುತ್ತದೆ ಅಂತ ಯಾರೂ ಹೇಳಿಲ್ಲ. ಮೊದಲೇ ಮಾಡಿಟ್ಟುಕೊಂಡ ತಯಾರಿ ಎಲ್ಲಿಯವರೆಗೆ ಇದೆ ಅನ್ನುವುದಷ್ಟೇ ಆ ಗೆರೆ. ಆಚೆ ಏನೂ ಮಾಡುವುದಿಲ್ಲ ಅಂತಲ್ಲ, ಆದರೆ ಆಗ ಗಾಳಿ ನೋಡಿ, ವಿಕಿರಣದ ಅಳತೆ ಮಾಡಿ, ಆಮೇಲೆ ತೀರ್ಮಾನ ಮಾಡಬೇಕಾಗುತ್ತದೆ.

16 ಕಿ.ಮೀ. ಅಂದರೆ 10 ಮೈಲಿ. ಅಮೆರಿಕದಲ್ಲಿ 1978ರ ವರದಿಯೊಂದು ಶಿಫಾರಸು ಮಾಡಿದ ಅಂಕಿ ಅದು. ಜೊತೆಗೆ ಹಾಲು, ಬೆಳೆ, ನೀರಿನ ಮೇಲೆ ಕಣ್ಣಿಡಲು 50 ಮೈಲಿ, ಸುಮಾರು 80 ಕಿ.ಮೀ. ಈ ಎರಡನೆಯದನ್ನು ಜನ ಮರೆತೇಬಿಡುತ್ತಾರೆ. ನಿಮ್ಮ ಅಪ್ಪನ ತೋಟಕ್ಕೆ, ಕೊಟ್ಟಿಗೆಯ ಹಾಲಿಗೆ ಅದೇ ಜಾಸ್ತಿ ಸಂಬಂಧಪಟ್ಟದ್ದು.

ಜಪಾನಿನ ಕಥೆ ಬೇರೆ. ಫುಕುಶಿಮಾ ಅಣು ಸ್ಥಾವರದ ಅಪಘಾತಕ್ಕೆ ಮುಂಚೆ ಅಲ್ಲಿ ಗೆರೆ ಇದ್ದದ್ದು 8ರಿಂದ 10 ಕಿ.ಮೀ. 2011ರ ಮಾರ್ಚ್ 11ರ ರಾತ್ರಿ 3 ಕಿ.ಮೀ. ಒಳಗಿನವರು ಹೊರಡಿ ಅಂದರು, ಮಾರನೆಯ ಬೆಳಿಗ್ಗೆ 10 ಕಿ.ಮೀ., ಅದೇ ಸಂಜೆ 20 ಕಿ.ಮೀ. ಆಮೇಲೆ 20ರಿಂದ 30ರ ನಡುವಿನವರು ಮನೆಯೊಳಗೇ ಇರಿ ಅಂದರು. ಒಂದೇ ದಿನದಲ್ಲಿ ಆದೇಶ ಮೇಲಿಂದ ಮೇಲೆ ಬದಲಾದರೆ ಹಳ್ಳಿಯವರ ಗತಿ ಏನು ನೀವೇ ಯೋಚಿಸಿ. ಇಷ್ಟಾದ ಮೇಲೂ ವಾಯವ್ಯಕ್ಕೆ ಸುಮಾರು 40 ಕಿ.ಮೀ. ದೂರದ ಈಟಾಟೆ ಅನ್ನುವ ಹಳ್ಳಿ ತಪ್ಪಿಹೋಯಿತು. ಗಾಳಿ ಆ ಕಡೆ ತಿರುಗಿತು, ಮೇಲಿಂದ ಮಳೆ ಹಿಮ ಬಿತ್ತು, ಗಾಳಿಯಲ್ಲಿದ್ದ ವಿಕಿರಣ ವಸ್ತು ನೆಲಕ್ಕಿಳಿಯಿತು. ಆ ಊರನ್ನು ಖಾಲಿ ಮಾಡಿ ಅಂದದ್ದು ಏಪ್ರಿಲ್‌ನಲ್ಲಿ! ಈಗ ಅವರದು ಎರಡು ಸುತ್ತು: 5 ಕಿ.ಮೀ. ಒಳಗಿನವರು ಸೋರಿಕೆಗೂ ಮುಂಚೆ ಹೊರಡುವುದು, 30 ಕಿ.ಮೀ.ವರೆಗೆ ಮನೆಯೊಳಗೆ ಇದ್ದು ಅಳತೆ ಬರುವವರೆಗೆ ಕಾಯುವುದು.

ಪ್ರಶ್ನೆ (ಜಯನಗರದಿಂದ, ನಡುವೆ ಬಂದವರು): ಹಾಗಾದರೆ ಸುಮ್ನೆ 50 ಕಿ.ಮೀ. ಮಾಡಿಬಿಡಲಿ ಸರ್. ದೊಡ್ಡದಾದಷ್ಟೂ ಒಳ್ಳೆಯದೇ ಅಲ್ವಾ?

ಉತ್ತರ: ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇಲ್ಲೇ ಜಾರುವುದು.

ಫುಕುಶಿಮಾದಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳ ರೋಗಿಗಳನ್ನು ಆತುರದಲ್ಲಿ ಬಸ್ಸಿಗೆ ಹತ್ತಿಸಿ ಗಂಟೆಗಟ್ಟಲೆ ಸುತ್ತಿಸಿದರು. ಹಲವರು ತೀರಿಕೊಂಡದ್ದು ಆ ಪ್ರಯಾಣದಿಂದ, ವಿಕಿರಣದಿಂದಲ್ಲ. ಇನ್ನೊಂದು, 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದ ಅಪಘಾತ. ಗವರ್ನರ್ ಹೇಳಿದ್ದು 5 ಮೈಲಿ ಒಳಗಿನ ಗರ್ಭಿಣಿಯರು, ಚಿಕ್ಕ ಮಕ್ಕಳು ಹೊರಡಲಿ ಅಂತ, ಅಂದರೆ ಕೆಲವು ಸಾವಿರ ಜನ. ಹೊರಟದ್ದು ಸುಮಾರು 1,44,000 ಜನ. ಹೆದರಿಕೊಂಡವರು ರಸ್ತೆ ತುಂಬಿದರೆ, ನಿಜವಾಗಿ ಹೊರಡಬೇಕಾದವರು ಹಿಂದೆ ಸಿಕ್ಕಿಕೊಳ್ಳುತ್ತಾರೆ. ಒಂದು ಮಳೆ ಬಿದ್ದರೆ ಸಿಲ್ಕ್ ಬೋರ್ಡ್ ಏನಾಗುತ್ತದೆ ಅಂತ ಜಯನಗರದವರಿಗೆ ನಾನು ಹೇಳಬೇಕಾ?

ಅದಕ್ಕೇ ಈಗ ಒಂದೇ ಗೆರೆ ಬಿಟ್ಟು ಮೂರು ನಾಲ್ಕು ಗೆರೆ ಎಳೆಯುತ್ತಾರೆ. ದೊಡ್ಡ ಲೈಟ್ ವಾಟರ್ (ಸಾಮಾನ್ಯ ನೀರು ಬಳಸುವ) ರಿಯಾಕ್ಟರ್‌ಗಳಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2013ರಲ್ಲಿ ಸೂಚಿಸಿದ್ದು ಹೀಗಿದೆ: 3ರಿಂದ 5 ಕಿ.ಮೀ. ತಕ್ಷಣ ಹೊರಡುವ ಜಾಗ, 15ರಿಂದ 30 ತುರ್ತು ಕ್ರಮದ ಜಾಗ, 100ರವರೆಗೆ ಅಳತೆ ಮಾಡುತ್ತಾ ಹೋಗುವುದು, 300ರವರೆಗೆ ಆಹಾರದ ಮೇಲೆ ನಿಗಾ. ಜರ್ಮನಿಯೂ ಫುಕುಶಿಮಾ ಆದ ಮೇಲೆ ಒಳಗಿನ ವಲಯವನ್ನು 2ರಿಂದ 5ಕ್ಕೆ, ನಡುವಿನದನ್ನು 10ರಿಂದ 20ಕ್ಕೆ, ಹೊರಗಿನದನ್ನು 25ರಿಂದ 100 ಕಿ.ಮೀ.ಗೆ ಏರಿಸಿತು. ನೋಡಿ, ಹೊರಗೆ ಹೋದಷ್ಟೂ ಓಡಿಸುವ ಕೆಲಸ ಕಡಿಮೆ, ಅಳೆಯುವ ಕೆಲಸ ಜಾಸ್ತಿ.

ಪ್ರಶ್ನೆ (ಹೆಬ್ಬಾಳದಿಂದ): ಚಿಕ್ಕ ಮಾಡ್ಯುಲರ್ ರಿಯಾಕ್ಟರ್ (ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿ ತಂದು ಜೋಡಿಸುವ ಸಣ್ಣ ರಿಯಾಕ್ಟರ್) ಬಂದರೆ ವಲಯ ಬೇಲಿಯೊಳಗೇ ಮುಗಿಯುತ್ತದಂತೆ ಹೌದಾ? ಮತ್ತೆ, 16 ಕಿ.ಮೀ. ಒಳಗೆ ಸೈಟ್ ತಗೊಳ್ಳಬಹುದಾ?

ಉತ್ತರ: ಕೊನೆಗೂ ಸೈಟಿನ ಪ್ರಶ್ನೆ ಬಂತು! ಸ್ಥಾವರದ ಬೇಲಿಯೊಳಗೆ ಯಾರೂ ವಾಸ ಮಾಡುವಂತಿಲ್ಲ. 5 ಕಿ.ಮೀ.ವರೆಗೆ ಊರು ತಾನಾಗಿ ಬೆಳೆಯಬಹುದು, ಆದರೆ ಜನ ಒಮ್ಮೆಲೇ ಬಂದು ತುಂಬುವಂಥ ದೊಡ್ಡ ಯೋಜನೆಗಳಿಗೆ ತಡೆ. 16ರ ಗೆರೆ ಇರುವುದು ತುರ್ತು ತಯಾರಿಗೆ. ಚಿಕ್ಕ ರಿಯಾಕ್ಟರ್ ವಿಷಯ ನಿಜ. ಅಮೆರಿಕದಲ್ಲಿ 2023ರ ನಿಯಮದ ಪ್ರಕಾರ 96 ಗಂಟೆಯಲ್ಲಿ ಮೈಗೆ ತಗಲುವ ವಿಕಿರಣ 10 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ದಾಟಬಹುದಾದ ಜಾಗವಷ್ಟೇ ವಲಯ. ಅದು ಬೇಲಿಯೊಳಗೇ ಮುಗಿಯಲೂಬಹುದು. ಲೆಕ್ಕ ಸರಿ, ಆದರೆ ಆ ಲೆಕ್ಕ ಹಾಕುವವನು ಕಂಪನಿಯವನೇ ಆದ್ದರಿಂದ ನಿಯಂತ್ರಣ ಮಂಡಳಿ ಗಟ್ಟಿಯಾಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ (ವಿಜಯನಗರದಿಂದ): ಸರ್, ನಮ್ಮೂರ ವಿಷಯಕ್ಕೆ ಬನ್ನಿ. 700 ಮೆಗಾವಾಟ್ ಅಂದರೆ ಏನೂ ಬದಲಾಗುವುದಿಲ್ವಾ? ಅಯೋಡಿನ್ ಮಾತ್ರೆ ತಂದು ಇಟ್ಟುಕೊಳ್ಳಲಾ?

ಉತ್ತರ: ಬದಲಾಗುತ್ತದೆ. ರಿಯಾಕ್ಟರ್ ದೊಡ್ಡದಾದರೆ ಒಳಗಿರುವ ವಿಕಿರಣ ವಸ್ತುವೂ ಜಾಸ್ತಿ. ಇನ್ನೊಂದು ಕಡೆ, 700ರ ವಿನ್ಯಾಸದಲ್ಲಿ ರಿಯಾಕ್ಟರನ್ನು ಮುಚ್ಚಿರುವ ಕಾಂಕ್ರೀಟ್ ಗುಮ್ಮಟಕ್ಕೆ ಉಕ್ಕಿನ ಒಳಪದರ ಇದೆ, ಕರೆಂಟ್ ಹೋದರೂ ತಾನಾಗಿ ತಂಪಾಗುವ ವ್ಯವಸ್ಥೆ ಇದೆ. ಎರಡನ್ನೂ ಹಾಕಿ ಹೊಸದಾಗಿ ಲೆಕ್ಕ ಮಾಡಬೇಕು, ಸುಮ್ಮನೆ ಹಳೆಯ ವೃತ್ತ ಉಳಿಸಿಕೊಳ್ಳಬಾರದು.

ಆದರೆ ನನ್ನನ್ನು ಕೇಳಿದರೆ ಅಲ್ಲಿ ಕೈವಾರ ಇಟ್ಟು ವೃತ್ತ ಎಳೆಯುವುದೇ ಸಾಲದು. ಅದು ಕಾಳಿ ಕಣಿವೆ. ಗಾಳಿ ಕಣಿವೆಯ ದಾರಿ ಹಿಡಿಯುತ್ತದೆ, ಜನರೂ ಅದೇ ದಾರಿ ಹಿಡಿಯಬೇಕು. 2021ರ ಜುಲೈ ಮಳೆಯಲ್ಲಿ ಅರಬೈಲ್ ಘಟ್ಟ ಕುಸಿದದ್ದು ನಿಮಗೆ ನೆನಪಿರಬೇಕು. 2024ರಲ್ಲಿ ಶಿರೂರು. 18 ಕಿ.ಮೀ. ದೂರದ ಹಳ್ಳಿಯಿಂದ ಹೊರಬೀಳಲು ಇರುವ ಒಂದೇ ರಸ್ತೆ 16ರ ಒಳಗಿಂದ ಹಾದುಹೋಗುತ್ತಿದ್ದರೆ ಆ ಹಳ್ಳಿಯನ್ನೂ ಒಳಗೆ ಸೇರಿಸಬೇಕು. ಗೆರೆ ಊರಿನ ಗಡಿ, ಹೊಳೆ, ರಸ್ತೆ ನೋಡಿ ಹೋಗಬೇಕು, ಅರ್ಧ ಊರು ಒಳಗೆ ಅರ್ಧ ಹೊರಗೆ ಆಗಬಾರದು.

ಮಾತ್ರೆ ಥೈರಾಯ್ಡ್ ಒಂದನ್ನೇ ಕಾಪಾಡುತ್ತದೆ, ಅದೂ ಸರಿಯಾದ ಹೊತ್ತಿಗೆ ತೆಗೆದುಕೊಂಡರೆ. ಮಕ್ಕಳು, ಗರ್ಭಿಣಿಯರಿಗೆ ಮೊದಲು. 40 ದಾಟಿದವರಿಗೆ ಲಾಭ ಕಡಿಮೆ. ನಿಮ್ಮ ಅಪ್ಪ ಅಮ್ಮ ಅಧಿಕಾರಿಗಳು ಹೇಳದೆ ನುಂಗುವುದು ಬೇಡ. ಈಗ ನೀವು ಹೇಳಿ, ನಿಮ್ಮೂರಿಗೆ ಮಳೆಗಾಲದಲ್ಲಿ ಎಷ್ಟು ದಾರಿ?

ಪ್ರಶ್ನೆ (ವಿಜಯನಗರದಿಂದ): ಒಂದೇ ಸರ್. ಅದೂ ಹಳ್ಳ ಏರಿದರೆ ಬಂದ್.

ಉತ್ತರ: ಹಾಗಾದರೆ ಗ್ರಾಮಸಭೆಯಲ್ಲಿ ಇದನ್ನೇ ಬರೆಸಿ, ಪ್ರತಿ ಒಂದನ್ನು ಕಾರವಾರದ ಡಿಸಿ ಕಚೇರಿಗೆ ಕೊಡಿ. ಸ್ಥಾವರದ ಹೊರಗಿನ ತುರ್ತು ಯೋಜನೆಗೆ ಜಿಲ್ಲಾಧಿಕಾರಿಗಳೇ ಮುಖ್ಯಸ್ಥರು, ಎರಡು ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆಯೂ ಮಾಡಬೇಕು. ಮುಂದಿನದನ್ನು ಬೇಸಿಗೆ ಬಿಟ್ಟು ಜುಲೈನಲ್ಲಿ ಮಾಡಿ ಅಂತ ಕೇಳಿ.