ಕಿಟಕಿ ಗಾಜು ತಾನಾಗಿಯೇ ಬಿರುಕು ಬಿಟ್ಟಿದೆ, ಗಾಜು ಮಾತ್ರ ಬದಲಾಯಿಸಿದರೆ ಸಾಕಾ?

ಕಡಲಬದಿ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರದ ಹತ್ತಿರ ಹಳೇ ಮನೆ, ಸಮುದ್ರದಿಂದ ಜಾಸ್ತಿ ದೂರ ಇಲ್ಲ. ಹಾಲ್‌ನ ಕಬ್ಬಿಣದ ಕಿಟಕಿಯ ಒಂದು ಗಾಜು ಕೆಳಗಿನ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು ಬಿಟ್ಟಿದೆ. ಯಾರೂ ಚೆಂಡು ಹೊಡೆದಿಲ್ಲ, ಕಲ್ಲು ಬಿದ್ದಿಲ್ಲ. ಹೋದ ವರ್ಷ ಇದೇ ಗಾಜು ಬದಲಾಯಿಸಿದ್ದೆವು, ಈಗ ಮತ್ತೆ ಅದೇ ಮೂಲೆ. ಗ್ಲಾಸ್ ಅಂಗಡಿಯವರು ಬಂದು ನೋಡಿ "ಹೊಸ ಗಾಜು ಕೂರಿಸಿ ಸಿಲಿಕಾನ್ ಹೊಡೆದುಬಿಡ್ತೇನೆ, ಅರ್ಧ ಗಂಟೆ ಕೆಲಸ" ಅಂದರು. ಮಳೆಗಾಲ ಬಂದೇ ಬಿಟ್ಟಿತು. ಮಗಳು ಈಗಷ್ಟೇ ಕಿಟಕಿ ಹಿಡಿದು ಎದ್ದು ನಿಲ್ಲಲು ಕಲಿತಿದ್ದಾಳೆ, ಅದೇ ನನಗೆ ಭಯ. ಸುಮ್ನೆ ಗಾಜು ಹಾಕಿಸಿಬಿಡಲಾ, ಅಥವಾ ಬೇರೆ ಏನಾದರೂ ನೋಡಬೇಕಾ?

ಶಾಲಿನಿ_ಉಡುಪಿ
ಮೊದಲು ಇವತ್ತೇ ಒಂದು ಕೆಲಸ ಮಾಡಿ. ಗಾಜನ್ನು ಮೆತ್ತಗೆ ಒರೆಸಿ ಒಣಗಿಸಿ, ಬಿರುಕಿನ ಉದ್ದಕ್ಕೂ ಒಳಗೂ ಹೊರಗೂ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿ. ಒತ್ತಬೇಡಿ. ಇದರಿಂದ ಬಿರುಕು ನಿಲ್ಲುವುದಿಲ್ಲ, ಒಡೆದರೆ ಚೂರು ಕೆಳಗೆ ಬೀಳದೆ ಟೇಪಿಗೆ ಅಂಟಿಕೊಂಡಿರುತ್ತದೆ ಅಷ್ಟೇ. ಆ ಕಿಟಕಿ ಬಾಗಿಲನ್ನು ತೆಗೆದು ಹಾಕಿ ಮಾಡಬೇಡಿ, ಚಿಲಕ ಹಾಕಿಯೇ ಇಡಿ. ಮಗು ಆ ಕಡೆ ಹೋಗದ ಹಾಗೆ ಮಂಚವನ್ನೋ ಮೇಜನ್ನೋ ಅಡ್ಡ ಇಟ್ಟರೆ ಒಳ್ಳೆಯದು, ಆದರೆ ಅವಳು ಅದನ್ನೇ ಹತ್ತುವಂತಿರಬಾರದು ನೋಡಿ.

ಹಳೆಮನೆ_ರಿಪೇರಿ
ಎರಡು ಸಲ ಒಂದೇ ಮೂಲೆಯಲ್ಲಿ ಒಡೆದಿದೆ ಅಂದರೆ ತೊಂದರೆ ಗಾಜಿನದಲ್ಲ ಮಾರಾಯ್ರೆ, ಫ್ರೇಮಿನದ್ದು. ಸಮುದ್ರದ ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಮಳೆ ನೀರು ನಿಲ್ಲುವುದು ಕೆಳಗಿನ ಮೂಲೆಯಲ್ಲೇ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಮೊದಲಿಗಿಂತ ಜಾಸ್ತಿ ಜಾಗ ತಗೊಳ್ಳುತ್ತದೆ, ಆ ಜಾಗವನ್ನು ಗಾಜಿನ ಅಂಚಿನಿಂದ ಕಿತ್ತುಕೊಳ್ಳುತ್ತದೆ. ಗಾಜಿಗೆ ಅಂಚೇ ದುರ್ಬಲ ಜಾಗ, ಒಂದು ಕಡೆಯಿಂದ ಒತ್ತಿದರೆ ಅಲ್ಲಿಂದಲೇ ಸೀಳುತ್ತದೆ.

ಒಂದು ಹಳೇ ಸ್ಕ್ರೂ ಡ್ರೈವರ್ ತಗೊಂಡು ಆ ಮೂಲೆಯ ಪುಟ್ಟಿಯನ್ನು (ಗಾಜನ್ನು ಫ್ರೇಮಿಗೆ ಹಿಡಿಸಲು ಅಂಚಿಗೆ ಮೆತ್ತಿರುವುದು) ಸ್ವಲ್ಪ ಕೆರೆದು ನೋಡಿ. ಪೇಂಟ್ ಗುಳ್ಳೆ ಎದ್ದಿದ್ದರೆ, ಒಳಗಿನಿಂದ ಕಂದು ಬಣ್ಣದ ಪದರ ಪದರ ಉದುರಿದರೆ ಅದೇ ಕಾರಣ. ಹಾಗಿದ್ದರೆ ಅರ್ಧ ಗಂಟೆಯ ಕೆಲಸಕ್ಕೆ ಒಪ್ಪಬೇಡಿ. ಗಾಜು ತೆಗೆದ ಮೇಲೆ ಹಳೇ ಪುಟ್ಟಿ ಪೂರ್ತಿ ಕೆರೆದು, ವೈರ್ ಬ್ರಷ್‌ನಲ್ಲಿ ಉಜ್ಜಿ, ಎಮರಿ ಪೇಪರ್ ಹಾಕಿ ಕಬ್ಬಿಣ ಹೊಳೆಯುವ ತನಕ ತುಕ್ಕು ತೆಗೆಸಿ. ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿ, ಯಾಕೆಂದರೆ ನಿಮ್ಮ ಕಡೆಯ ಗಾಳಿಯಲ್ಲಿ ಉಜ್ಜಿದ ಕಬ್ಬಿಣವನ್ನು ಒಂದು ರಾತ್ರಿ ಹಾಗೇ ಬಿಟ್ಟರೂ ಮತ್ತೆ ಕೆಂಪಾಗುತ್ತದೆ. ಗಾಜಿನ ಅಳತೆಯನ್ನು ಹಳೇ ಗಾಜಿನಿಂದ ತಗೊಳ್ಳಬೇಡಿ, ಸ್ವಚ್ಛ ಮಾಡಿದ ಫ್ರೇಮಿನಿಂದಲೇ ತಗೊಳ್ಳಿ. ಮೂರು ಜಾಗದಲ್ಲಿ ಅಳೆದು ಕಡಿಮೆ ಇರುವುದನ್ನು ಇಟ್ಟುಕೊಂಡು, ಉದ್ದ ಅಗಲ ಎರಡರಲ್ಲೂ ಅದಕ್ಕಿಂತ ಸುಮಾರು 3 ಎಂಎಂ ಕಮ್ಮಿ ಕಟ್ ಮಾಡಿಸಿ. ಗಾಜು ಸುತ್ತಲೂ ಸ್ವಲ್ಪ ಸಡಿಲ ಇರಲೇಬೇಕು. ಬಿಗಿಯಾಗಿ ಕೂರಿಸುವುದೇ ಗಟ್ಟಿ ಕೆಲಸ ಅಂತ ಎಷ್ಟೋ ಜನ ತಿಳಿದಿದ್ದಾರೆ, ಅದು ತಪ್ಪು.

ಗಿರೀಶ್_ಫ್ಯಾಬ್ರಿಕೇಶನ್
ಮೇಲಿನವರು ಹೇಳಿದ್ದು ಪೂರ್ತಿ ಸರಿ. ಸಿಲಿಕಾನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಕಬ್ಬಿಣಕ್ಕೆ ಬೇಡ, ಅದರಿಂದ ಹೊರಬರುವ ಆಸಿಡ್ಡೇ ತುಕ್ಕು ತರಿಸುತ್ತದೆ. ನ್ಯೂಟ್ರಲ್ ಅಂತ ಟ್ಯೂಬ್ ಮೇಲೆ ಬರೆದಿರುವುದನ್ನೇ ಕೇಳಿ.

ಮಗು ಇದೆ ಅಂದಿರಿ, ಗಾಜು ಕೆಳಮಟ್ಟದಲ್ಲಿದ್ದರೆ ಲ್ಯಾಮಿನೇಟೆಡ್ ಕೇಳಿ, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು. ಒಡೆದರೂ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಟಫನ್ಡ್ ಗಾಜು (ಕಾಯಿಸಿ ಗಟ್ಟಿ ಮಾಡಿದ್ದು) ಒಡೆದರೆ ಸಣ್ಣ ಸಣ್ಣ ಕಾಳಾಗಿ ಉದುರುತ್ತದೆ, ಮಾಮೂಲಿ ಗಾಜಿನ ಚೂಪು ತುಂಡಿಗಿಂತ ಅದು ಎಷ್ಟೋ ವಾಸಿ, ಆದರೆ ಒಮ್ಮೆ ತಯಾರಾದ ಮೇಲೆ ಕಟ್ ಮಾಡಲು ಆಗುವುದಿಲ್ಲ, ಅಳತೆ ತಪ್ಪಿದರೆ ದುಡ್ಡು ದಂಡ. ಲ್ಯಾಮಿನೇಟೆಡ್ ದಪ್ಪ ಇರುತ್ತದೆ, ನಿಮ್ಮ ಹಳೇ ಫ್ರೇಮಿನಲ್ಲಿ ಕೂರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಕಡಲಬದಿ_ಮನೆ
ಈಗಷ್ಟೇ ಕೆರೆದು ನೋಡಿದೆ. ನೀವು ಹೇಳಿದ ಹಾಗೇ, ಪುಟ್ಟಿ ಕೈಗೇ ಬಂತು, ಅದರ ಹಿಂದೆ ಹಪ್ಪಳದ ಹಾಗೆ ತುಕ್ಕಿನ ಪದರ. ಪಕ್ಕದ ಗಾಜಿನ ಕೆಳಗೂ ಶುರುವಾಗಿದೆ. ಎರಡನ್ನೂ ಒಟ್ಟಿಗೆ ಮಾಡಿಸುತ್ತೇನೆ. ಮಳೆಯೊಳಗೆ ಪುಟ್ಟಿ ಒಣಗುತ್ತದಾ ಅಣ್ಣಾ?

ಹಳೆಮನೆ_ರಿಪೇರಿ
ಅಗಸೆ ಎಣ್ಣೆಯ ಪುಟ್ಟಿ ನಿಧಾನ ಅಕ್ಕ, ಮೇಲ್ಪದರ ಗಟ್ಟಿಯಾಗಲು ವಾರದ ಮೇಲೆ ಬೇಕು, ಅದಾದ ಮೇಲೆ ಪೇಂಟ್ ಬೇರೆ ಹೊಡೆಯಬೇಕು. ಈಗ ಟೈಮ್ ಇಲ್ಲ, ಗಿರೀಶ್ ಹೇಳಿದ ನ್ಯೂಟ್ರಲ್ ಸಿಲಿಕಾನ್ ಹಾಕಿಸಿ. ಹೊರಗಡೆ ನೀರು ಜಾರುವ ಹಾಗೆ ಇಳಿಜಾರು ಕೊಡಲು ಹೇಳಿ, ತಟ್ಟೆಯ ಹಾಗೆ ಗುಳಿ ಬಿಟ್ಟರೆ ನೀರು ಮತ್ತೆ ಅಲ್ಲೇ ನಿಲ್ಲುತ್ತದೆ. ಪಕ್ಕದ ಗಾಜು ಇನ್ನೂ ಒಡೆದಿಲ್ಲ ಅಲ್ವಾ, ಅದನ್ನು ಹುಷಾರಾಗಿ ತೆಗೆದರೆ ಅದನ್ನೇ ವಾಪಸ್ ಹಾಕಬಹುದು. ಒಡೆದದ್ದನ್ನು ಮೇಲಿನಿಂದ ಬಿಡಿಸಬೇಕು, ಕೆಳಗಿನಿಂದ ಶುರು ಮಾಡಿದರೆ ಮೇಲಿನ ತುಂಡು ಕೈ ಮೇಲೇ ಜಾರುತ್ತದೆ. ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಮೇಲೆ "ಗಾಜು" ಅಂತ ದೊಡ್ಡದಾಗಿ ಬರೆದು ಕೊಡಿ, ಕಸ ತಗೊಳ್ಳುವವರು ಕೈ ಹಾಕಿಯೇ ಬೇರೆ ಮಾಡುವುದು. ಪ್ರೈಮರ್ ಒಣಗುವ ತನಕ ಒಳಗಡೆಯಿಂದ ಒಂದು ಪ್ಲೈವುಡ್ ತುಂಡನ್ನು ಸರಳಿಗೆ ಕಟ್ಟಿ, ಹಸಿ ಪ್ರೈಮರಿಗೆ ತಾಗದ ಹಾಗೆ.