ಅಪ್‌ಡೇಟ್: ಆಂಟಿಬಯಾಟಿಕ್ ವಿಷಯಕ್ಕೆ ದೊಡ್ಡ ಡಾಕ್ಟ್ರ ಸಹಿ ಸಿಕ್ತು

ನೆನಪಿಲ್ಲದವರಿಗೆ: ನಾನು ತಾಲ್ಲೂಕು ಊರಿನ ಸಣ್ಣ ಖಾಸಗಿ ಆಸ್ಪತ್ರೆಯ ಫಾರ್ಮಸಿಸ್ಟ್. ಅಡ್ಮಿಟ್ ಆದವರಿಗೆಲ್ಲ ಬೇಕಿರಲಿ ಬೇಡದಿರಲಿ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಇಂಜೆಕ್ಷನ್ ಹೋಗ್ತಿದೆ, ಮೇಲಿನವರ ಬೆಂಬಲ ಇಲ್ಲದೆ ನನ್ನ ಮಾತು ಯಾರೂ ಕೇಳಲ್ಲ, ಏನು ಮಾಡ್ಲಿ ಅಂತ ಕೇಳಿದ್ದೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆಂಟಿಬಯಾಟಿಕ್ ಮಾರ್ಗಸೂಚಿಯ ಪಿಡಿಎಫ್ ಆಸ್ಪತ್ರೆಯ ವಾಟ್ಸಾಪ್ ಗ್ರೂಪಿಗೆ ಹಾಕಿ ಅಂದಿದ್ರಲ್ಲ, ನಡೀಲಿಲ್ಲ. ಒಂದೆರಡು ಹೆಬ್ಬೆರಳು ಬಂತು, ಅಷ್ಟೇ. ಗೋಡೆಗೆ ಅಂಟಿಸಿದ್ದ ಪೋಸ್ಟರ್ ಮೇಲೆ ಈಗ ಡ್ಯೂಟಿ ಪಟ್ಟಿ ಕೂತಿದೆ.

ಕೈಹಿಡಿದದ್ದು "ಎಲ್ಲ ಒಟ್ಟಿಗೆ ಬೇಡ, ಒಂದೇ ವಿಷಯಕ್ಕೆ ಮುಖ್ಯಸ್ಥರ ಸಹಿ ತಗೊಳ್ಳಿ" ಅಂದವರ ಸಲಹೆ. ನಾವು ಹಿಡಿದದ್ದು ಆಪರೇಷನ್ನು: ಸಿಸೇರಿಯನ್, ಮೆಶ್ (ಬಲೆಯಂಥ ತುಂಡು) ಹಾಕೋ ಹರ್ನಿಯಾ ಅಂಥವಕ್ಕೆ ಸೋಂಕು ತಡೆಯೋಕೆ ಸೆಫಜೋಲಿನ್ ಅನ್ನೋ ಆಂಟಿಬಯಾಟಿಕ್ ಒಂದೇ ಡೋಸ್, ಕೊಯ್ಯೋ ಮುಂಚಿನ ಒಂದು ಗಂಟೆಯೊಳಗೆ. ಆಮೇಲೂ ಬೇಕಿದ್ರೆ ಕೇಸ್‌ಶೀಟ್‌ನಲ್ಲಿ ಕಾರಣ ಬರೀಬೇಕು. ಇಲ್ದಿದ್ರೆ ನಾನು ಫೋನ್ ಮಾಡಿ ಕೇಳಬಹುದು. ಲೆಟರ್‌ಹೆಡ್‌ನಲ್ಲಿ ಒಂದೇ ಪುಟ. ಸಹಿಗಿಂತ ಹೆಚ್ಚಿನ ಕೆಲಸ ಮಾಡಿದ್ದು, ಸಾರ್ ರೌಂಡ್ಸ್‌ನಲ್ಲಿ ತಾವೇ ಶೀಟ್ ತಿರುವಿ "ಇದ್ಯಾಕಮ್ಮಾ ಇನ್ನೂ ಹೋಗ್ತಿದೆ?" ಅಂತ ಸಿಸ್ಟರ್‌ನ ಕೇಳಿದ್ದು. ಅವತ್ತಿನಿಂದ ಗಾಳಿ ಬದಲಾಯ್ತು.

ಆಶ್ಚರ್ಯ ಅಂದ್ರೆ, ಸಹಿ ಹಾಕೋ ಮುಂಚೆ ಸಾರ್‌ಗಿದ್ದ ಹಿಂಜರಿಕೆ ಬಿಲ್ ಕಡಿಮೆಯಾಗುತ್ತೆ ಅಂತಲ್ಲ. "ಇಂಜೆಕ್ಷನ್ನೇ ಕೊಡ್ಲಿಲ್ಲ" ಅಂತ ರೋಗಿ ಕಡೆಯವರು ಗಲಾಟೆ ಮಾಡ್ತಾರೆ ಅನ್ನೋ ಭಯ. ಆಂಟಿಬಯಾಟಿಕ್‌ಗಳನ್ನ ಗುಂಪು ಮಾಡೋ ವಿಶ್ವ ಆರೋಗ್ಯ ಸಂಸ್ಥೆಯ ಅವೇರ್ ಪಟ್ಟಿ ತೋರಿಸ್ದೆ: ಸೆಫಜೋಲಿನ್ 'ಆಕ್ಸೆಸ್' ಗುಂಪು (ಮೊದಲು ಬಳಸಬಹುದಾದವು), ಸೆಫ್ಟ್ರಿಯಾಕ್ಸೋನ್ 'ವಾಚ್' (ಎಚ್ಚರದಿಂದ ಬಳಸಬೇಕಾದವು). ಮಾತು ಮುಂದಕ್ಕೆ ಹೋದದ್ದು ಅಲ್ಲಿಂದಲೇ. ಇನ್ನೊಂದು, ಸೆಫಜೋಲಿನ್ ನಮ್ಮ ಸ್ಟಾಕಲ್ಲೇ ಇರ್ಲಿಲ್ಲ! ನೀವು ಆದೇಶ ಹೊರಡಿಸೋ ಮುಂಚೆ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ.

ಓಪಿಡಿಯ ನೆಗಡಿಗೆ ಅಜಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರ ಇನ್ನೂ ಹೋಗ್ತಾನೇ ಇದೆ. ಅದಕ್ಕೆ ಏನಾದ್ರೂ ಉಪಾಯ ಇದ್ರೆ ಹೇಳಿ.